ಕೊಡಗಿನಲ್ಲಿ ಅರ್ಥಶಾಸ್ತ್ರ ಸಂಶೋಧನೆ

ಕೊಡಗಿನಲ್ಲಿ ಅರ್ಥಶಾಸ್ತ್ರ ಸಂಶೋಧನೆ ಎಂಬುದು ಕರ್ನಾಟಕದ ನೈಋತ್ಯಭಾಗದಲ್ಲಿ ಪಶ್ಚಿಮಘಟ್ಟಗಳ ನಡುವೆ ಹಬ್ಬಿರುವ ಕೊಡಗು ಜಿಲ್ಲೆಯ ಭೂಹಿಡುವಳಿ, ತೋಟದ ಬೆಳೆ, ಕೂಲಿ, ವ್ಯಾಪಾರ, ಅರಣ್ಯ ಮೊದಲಾದ ಆರ್ಥಿಕ ವಿಷಯಗಳನ್ನು ಕುರಿತು ವಿದ್ವಾಂಸರೂ ವಿಶ್ವವಿದ್ಯಾನಿಲಯಗಳೂ ಸರ್ಕಾರದ ಸಂಸ್ಥೆಗಳೂ ನಡೆಸಿರುವ ವ್ಯವಸ್ಥಿತ ಅಧ್ಯಯನ. ಈ ಅಧ್ಯಯನದ ಫಲವಾಗಿ ನಿರ್ದಿಷ್ಟ ಕಾಲಾವಧಿಯಲ್ಲಿ ಹೊರಬಂದ ಪ್ರಬಂಧ, ಗ್ರಂಥ, ಮಹಾಪ್ರಬಂಧ ಮತ್ತು ವರದಿಗಳ ಪ್ರಮಾಣವನ್ನೂ, ಅನಂತರದ ವಿದ್ವಾಂಸರು ಅವನ್ನು ಎಷ್ಟರಮಟ್ಟಿಗೆ ಬಳಸಿಕೊಂಡರೆಂಬುದನ್ನೂ ಸೇರಿಸಿ ಸಂಶೋಧನ ಉತ್ಪಾದಕತೆ ಎಂದು ಕರೆಯುವುದು ವಾಡಿಕೆ. 4,102 ಚದರ ಕಿಲೋಮೀಟರ್ ವಿಸ್ತೀರ್ಣವೂ 2011ರ ಜನಗಣತಿಯಂತೆ ಐದೂವರೆ ಲಕ್ಷದಷ್ಟು ಜನಸಂಖ್ಯೆಯೂ ಉಳ್ಳ ಈ ಸಣ್ಣ ಜಿಲ್ಲೆ ಭಾರತದ ಕಾಫಿಯಲ್ಲಿ ಸುಮಾರು ಮೂರರಲ್ಲೊಂದು ಪಾಲನ್ನು ಬೆಳೆಯುವುದರಿಂದಲೂ, ಬೇರೆಲ್ಲಿಯೂ ಕಾಣದ ಜಮ್ಮಾ ಹಿಡುವಳಿಯ ಪದ್ಧತಿ ಇಲ್ಲಿ ಉಳಿದುಬಂದಿರುವುದರಿಂದಲೂ ಸಂಶೋಧಕರ ಗಮನವನ್ನು ತನ್ನ ಗಾತ್ರಕ್ಕೆ ಮೀರಿ ಸೆಳೆದಿದೆ. ಆದರೆ ಕೊಡಗನ್ನು ಕುರಿತ ಆರ್ಥಿಕ ಜ್ಞಾನದ ಬಹುಭಾಗ ಕೊಡಗಿನ ಹೊರಗೆ, ಬೆಂಗಳೂರು, ಮೈಸೂರು, ಮಂಗಳೂರು ವಿಶ್ವವಿದ್ಯಾನಿಲಯದ ನೆಲೆಯಾದ ಮಂಗಳಗಂಗೋತ್ರಿ, ಪುದುಚೇರಿ, ಇನ್ನೂ ದೂರದ ಸಿಡ್ನಿ ಮುಂತಾದೆಡೆ ನಿರ್ಮಿತವಾಗಿದೆ. ಉತ್ಪಾದಕತೆಯ ಪ್ರಚಲಿತ ಮಾನಗಳಾದರೋ ಸಂಶೋಧನೆ ನಡೆದ ಸ್ಥಳವನ್ನು ಎಣಿಸದೆ ಸಂಶೋಧಕನು ಸೇರಿದ ಸಂಸ್ಥೆಯನ್ನಷ್ಟೇ ಎಣಿಸುವುವು. ಈ ಎರಡು ಸಂಗತಿಗಳನ್ನು ಒಟ್ಟಿಗೆ ನೋಡದ ಹೊರತು ಇಲ್ಲಿಯ ಸಂಶೋಧನೆಯ ಸ್ವರೂಪ ಸ್ಪಷ್ಟವಾಗುವುದಿಲ್ಲ.

ಉಗಮ

ಕೊಡಗಿನ ಆರ್ಥಿಕ ಜೀವನದ ಮೊದಲ ವ್ಯವಸ್ಥಿತ ದಾಖಲೆಗಳು ವಿದ್ವತ್ತಿನ ಉದ್ದೇಶದಿಂದ ಹುಟ್ಟಿದುವಲ್ಲ, ಕಂದಾಯದ ಅಗತ್ಯದಿಂದ ಹುಟ್ಟಿದುವು. ಹಾಲೇರಿ ವಂಶದ ಲಿಂಗರಾಜೇಂದ್ರನ ಆಳಿಕೆಯಲ್ಲಿ (1811–1820) ನಡೆದ ಭೂಮಾಪನ ಮತ್ತು ಕಂದಾಯ ನಿರ್ಣಯ 'ಲಿಂಗರಾಜನ ಶಿಸ್ತು' ಎಂದು ಪ್ರಸಿದ್ಧವಾಗಿದ್ದು, ಗದ್ದೆ, ಅದಕ್ಕೆ ಹೊಂದಿದ ಎತ್ತರದ ನೆಲವಾದ ಬಾಣೆ, ಹಿಡುವಳಿದಾರ, ತೆರಬೇಕಾದ ಕಂದಾಯ ಎಂಬಿವನ್ನು ಊರೂರಿಗೆ ದಾಖಲು ಮಾಡಿದ ಆ ಲೆಕ್ಕ ಮುಂದಿನ ಬ್ರಿಟಿಷ್ ಆಡಳಿತಕ್ಕೂ ಆಧಾರವಾಯಿತು. ಅದೇ ಕಾಲದಲ್ಲಿ ಮದರಾಸು ಸರ್ವೆಯ ಲೆಫ್ಟಿನೆಂಟ್ ಕಾನರ್ ನಾಡನ್ನು ಅಳೆದು 1817ರಲ್ಲಿ ಒಂದು ವಿಸ್ತಾರವಾದ ವೃತ್ತಾಂತವನ್ನು ಸಿದ್ಧಪಡಿಸಿದನು.

1834ರಲ್ಲಿ ರಾಜ್ಯ ಬ್ರಿಟಿಷರ ವಶವಾದ ಮೇಲೆ, ಅದರಲ್ಲಿಯೂ 1854ರಲ್ಲಿ ಫೌಲರ್ ಎಂಬ ಆಂಗ್ಲನು ಮಡಿಕೇರಿಯ ಬಳಿ ಯೂರೋಪಿಯನರ ಮೊದಲ ಕಾಫಿತೋಟವನ್ನು ತೆರೆದ ಮೇಲೆ, ಬೆಲೆ, ಕೂಲಿ, ಇಳುವರಿ, ಸಾಗಣೆವೆಚ್ಚಗಳ ಅಂಕಿಅಂಶಗಳು ಸರ್ಕಾರದ ಪತ್ರಗಳಲ್ಲಿ ಕ್ರಮವಾಗಿ ಕಾಣತೊಡಗುತ್ತವೆ. ಮಡಿಕೇರಿಯಲ್ಲಿ ಶಾಲೆಯ ಮುಖ್ಯಸ್ಥನಾಗಿದ್ದ ಜಿ. ರಿಕ್ಟರ್ ರಚಿಸಿದ ಕೊಡಗಿನ ಕೈಪಿಡಿ 1870ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದಿತು. ಲೂಯಿ ರೈಸರ ಗ್ಯಾಸೆಟಿಯರಿನ ಕೊಡಗಿನ ಸಂಪುಟ 1878ರಲ್ಲಿ ಪ್ರಕಟವಾಯಿತು. ಇವೆರಡೂ ಇಂದಿನ ಅರ್ಥದ ಸಂಶೋಧನ ಗ್ರಂಥಗಳಲ್ಲವಾದರೂ, ಹತ್ತೊಂಬತ್ತನೆಯ ಶತಮಾನದ ಕೊಡಗಿನ ಆರ್ಥಿಕ ಸ್ಥಿತಿಯನ್ನು ಕುರಿತು ಬರೆಯುವ ಯಾವ ವಿದ್ವಾಂಸನೂ ಇವನ್ನು ಬಳಸದೆ ಮುಂದೆ ಹೋಗಲಾರನು. ಉಲ್ಲೇಖಗಳ ಸಂಖ್ಯೆಯೊಂದನ್ನೇ ಮಾನವಾಗಿಟ್ಟುಕೊಂಡರೆ ಡಾಕ್ಟೊರೇಟ್ ಪದವಿಯ ಹಂಗಿಲ್ಲದ ಈ ಇಬ್ಬರೇ ಕೊಡಗಿನ ಬಗೆಗೆ ಬರೆದವರಲ್ಲಿ ಮುಂಚೂಣಿಯಲ್ಲಿ ನಿಲ್ಲುವರೆಂದರೆ ಅತಿಶಯೋಕ್ತಿಯಾಗದು.

ವಿಶ್ವವಿದ್ಯಾನಿಲಯದ ಶಿಸ್ತಾಗಿ ಅರ್ಥಶಾಸ್ತ್ರ ಕನ್ನಡನಾಡಿನಲ್ಲಿ ನೆಲೆಗೊಂಡುದು 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾದಾಗ. ಅಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎನ್. ಎಸ್. ಸುಬ್ಬರಾಯರು ಮುಂದೆ ಅದೇ ವಿಶ್ವವಿದ್ಯಾನಿಲಯದ ಕುಲಪತಿಗಳೂ ಆದರು. ಆದರೆ ಕೊಡಗು ಆಗ ಮೈಸೂರು ಸಂಸ್ಥಾನಕ್ಕೆ ಸೇರದೆ ಚೀಫ್ ಕಮಿಷನರನ ಆಡಳಿತಕ್ಕೆ ಒಳಪಟ್ಟ ಪ್ರತ್ಯೇಕ ಪ್ರಾಂತವಾಗಿದ್ದುದರಿಂದ, 1911ರ ಮೈಸೂರು ಆರ್ಥಿಕ ಸಮ್ಮೇಳನದಿಂದ ಮೊದಲ್ಗೊಂಡು ಮೈಸೂರಿನಲ್ಲಿ ಬೆಳೆದುಬಂದ ಆರ್ಥಿಕ ಪರ್ಯಾಲೋಚನೆಯ ಪರಂಪರೆಗೆ ಅದು ಹೊರಗಾಗಿಯೇ ಉಳಿಯಿತು. 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯದಲ್ಲಿ ವಿಲೀನವಾದ ಅನಂತರವೇ ಕೊಡಗು ಆ ಸಂಪ್ರದಾಯದ ಪರಿಧಿಯೊಳಕ್ಕೆ ಬಂದುದು.

ಸ್ವಾತಂತ್ರ್ಯಾನಂತರದ ಅತ್ಯಂತ ಪ್ರಭಾವಶಾಲಿಯಾದ ಅಧ್ಯಯನ ಸಮಾಜಶಾಸ್ತ್ರದಿಂದ ಬಂದಿತು. ಎಂ. ಎನ್. ಶ್ರೀನಿವಾಸರು ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತು ಬರೆದು 1952ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥ ಆರ್ಥಿಕ ವಿಷಯಕ್ಕೆ ಮೀಸಲಾದುದಲ್ಲ. ಆದರೂ ಒಕ್ಕ (ಪಿತೃವಂಶೀಯ ಕುಟುಂಬ), ಅದರ ಆಸ್ತಿ, ಐನ್‌ಮನೆ (ಒಕ್ಕದ ಮೂಲಮನೆ) ಎಂಬ ಸಂಸ್ಥೆಗಳ ವಿವೇಚನೆ ಅದರಲ್ಲಿರುವುದರಿಂದ ಜಮ್ಮಾ ಹಿಡುವಳಿಯನ್ನು ಕುರಿತು ಬರೆಯುವ ಅರ್ಥಶಾಸ್ತ್ರಜ್ಞರಿಗೂ ಅದು ಆಕರವಾಗಿದೆ.

ಸಂಸ್ಥೆಗಳು

ಜಿಲ್ಲೆಯೊಳಗಣ ಉನ್ನತ ಶಿಕ್ಷಣದ ಹಿರಿಯ ಕೇಂದ್ರ 1949ರಲ್ಲಿ ಆರಂಭವಾದ ಮಡಿಕೇರಿಯ ಕಾಲೇಜು. ಇಂದು ಫೀಲ್ಡ್ ಮಾರ್ಷಲ್ ಕೆ. ಎಂ. ಕಾರ್ಯಪ್ಪ ಕಾಲೇಜು ಎಂಬ ಹೆಸರಿನಿಂದಿರುವ ಇದು ಪ್ರಧಾನವಾಗಿ ಬೋಧನೆಗೆ ಮೀಸಲಾದ ಸಂಸ್ಥೆ. ವಿಶ್ವವಿದ್ಯಾನಿಲಯ ಅನುದಾನ ಆಯೋಗದ ನಿಯಮದಂತೆ ಸಹಾಯಕ ಪ್ರಾಧ್ಯಾಪಕನು ವಾರಕ್ಕೆ 16 ಗಂಟೆ ನೇರವಾಗಿ ಪಾಠ ಹೇಳಬೇಕು. ಅದರ ಮೇಲೆ ಪರೀಕ್ಷೆ, ಮೌಲ್ಯಮಾಪನ, ಪ್ರವೇಶಾತಿ ಮೊದಲಾದ ಕೆಲಸಗಳು ಬೀಳುವುವು. ಪದವಿ ಕಾಲೇಜುಗಳಲ್ಲಿ ಸಂಶೋಧನ ಪ್ರಬಂಧಗಳು ವಿರಳವಾಗಿರುವುದಕ್ಕೆ ಅಧ್ಯಾಪಕರ ಅನಾಸಕ್ತಿಗಿಂತ ಈ ವ್ಯವಸ್ಥೆಯೇ ಹೆಚ್ಚಿನ ಕಾರಣ.

ಮೈಸೂರು ವಿಶ್ವವಿದ್ಯಾನಿಲಯವು 1968ರಲ್ಲಿ ತೆರೆದಿದ್ದ ಸ್ನಾತಕೋತ್ತರ ಕೇಂದ್ರವೇ 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವಾಗಿ ರೂಪುಗೊಂಡಾಗ ಕೊಡಗಿನ ಕಾಲೇಜುಗಳು ಅದರ ವ್ಯಾಪ್ತಿಗೆ ಸೇರಿದುವು. ಕುಶಾಲನಗರದ ಸಮೀಪದ ಚಿಕ್ಕಅಳುವಾರದಲ್ಲಿ ಅದು ಸ್ಥಾಪಿಸಿದ ಜ್ಞಾನಕಾವೇರಿ ಸ್ನಾತಕೋತ್ತರ ಕೇಂದ್ರ 2023ರಲ್ಲಿ ಕೊಡಗು ವಿಶ್ವವಿದ್ಯಾನಿಲಯದ ನೆಲೆಯಾಯಿತು.

ಬೆಳೆಗೆ ಸಂಬಂಧಿಸಿದ ಸಂಶೋಧನೆಯ ಸಂಸ್ಥೆಗಳು ಇದಕ್ಕಿಂತ ಹಳೆಯವು. 1925ರಲ್ಲಿ ಮೈಸೂರು ಸರ್ಕಾರ ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನ ಬಳಿ ಆರಂಭಿಸಿದ ಕಾಫಿ ಪ್ರಯೋಗ ಕೇಂದ್ರವು ಇಂದಿನ ಕೇಂದ್ರ ಕಾಫಿ ಸಂಶೋಧನ ಸಂಸ್ಥೆ. ಅದರ ಉಪಕೇಂದ್ರ 1946ರಿಂದ ಕೊಡಗಿನ ಚೆಟ್ಟಳ್ಳಿಯಲ್ಲಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಅಂಗವಾಗಿ 1995ರಲ್ಲಿ ಪೊನ್ನಂಪೇಟೆಯಲ್ಲಿ ಅರಣ್ಯ ಮಹಾವಿದ್ಯಾಲಯ ಸ್ಥಾಪನೆಯಾಗಿ ಮುಂದೆ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾನಿಲಯಕ್ಕೆ ಸೇರಿತು. ಇವುಗಳಲ್ಲಿ ಯಾವುದೂ ಅರ್ಥಶಾಸ್ತ್ರದ ಸಂಸ್ಥೆಯಲ್ಲದಿದ್ದರೂ ಕೊಡಗಿನ ಕಾಫಿ ಮತ್ತು ಅರಣ್ಯದ ಆರ್ಥಿಕತೆಯನ್ನು ಕುರಿತ ಬರೆಹಗಳಲ್ಲಿ ಗಣನೀಯವಾದ ಭಾಗ ಇವುಗಳ ಸಹಯೋಗದಿಂದಲೇ ಬಂದಿದೆ.

ಹೊರಗಿನ ಸಂಸ್ಥೆಗಳಲ್ಲಿ ಮುಖ್ಯವಾದುದು ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ (ಐಸೆಕ್). ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸನ್ನು ಕಟ್ಟಿದ ವಿ. ಕೆ. ಆರ್. ವಿ. ರಾವ್ (1908–1991) ಇದನ್ನು 1972ರಲ್ಲಿ ಸ್ಥಾಪಿಸಿದರು. ಕೊಡಗಿನ ಅಧ್ಯಯನದಿಂದಲೇ ಪ್ರಸಿದ್ಧರಾಗಿದ್ದ ಎಂ. ಎನ್. ಶ್ರೀನಿವಾಸರು ಆರಂಭದ ವರ್ಷಗಳಲ್ಲಿ ಅದರ ಜಂಟಿ ನಿರ್ದೇಶಕರಾಗಿದ್ದರು. 1969ರಲ್ಲಿ ಕೇಂದ್ರ ಸರ್ಕಾರ ರಚಿಸಿದ ಭಾರತೀಯ ಸಮಾಜವಿಜ್ಞಾನ ಸಂಶೋಧನ ಪರಿಷತ್ತಿನ ಅನುದಾನ ಪಡೆಯುವ ಸಂಸ್ಥೆಗಳಲ್ಲಿ ಇದೂ ಒಂದು. ತಾನಾಗಿ ಪದವಿ ನೀಡುವ ಅಧಿಕಾರವಿಲ್ಲದ ಈ ಸಂಸ್ಥೆಯ ವಿದ್ಯಾರ್ಥಿಗಳು ಪಿಎಚ್.ಡಿ. ಪದವಿಯನ್ನು ಮೈಸೂರು ವಿಶ್ವವಿದ್ಯಾನಿಲಯದಿಂದ ಪಡೆಯುವರಾದ್ದರಿಂದ, ಒಂದೇ ಮಹಾಪ್ರಬಂಧ ಎರಡು ಸಂಸ್ಥೆಗಳ ಲೆಕ್ಕಕ್ಕೂ ಸಲ್ಲುವ ಸಂದರ್ಭ ಒದಗುತ್ತದೆ. 1955ರಲ್ಲಿ ಆರಂಭವಾದ ಪುದುಚೇರಿಯ ಫ್ರೆಂಚ್ ಸಂಸ್ಥೆ ಘಟ್ಟದ ಸಸ್ಯಸಂಪತ್ತಿನ ನಕ್ಷೆಗಳಿಂದ ತೊಡಗಿ ಕ್ರಮೇಣ ಕೊಡಗಿನ ತೋಟಗಳ ಆರ್ಥಿಕತೆಯವರೆಗೂ ಬಂದಿದೆ.

ಅಳತೆಯ ವಿಧಾನಗಳು

ಸಂಶೋಧನ ಉತ್ಪಾದಕತೆಯನ್ನು ಅಳೆಯುವ ಅತಿ ಸರಳ ವಿಧಾನವೆಂದರೆ ಪ್ರಬಂಧಗಳ ಎಣಿಕೆ. ಒಂದು ಪ್ರಬಂಧಕ್ಕೆ ಇಬ್ಬರೋ ನಾಲ್ವರೋ ಲೇಖಕರಿದ್ದಾಗ ಪ್ರತಿಯೊಬ್ಬನಿಗೂ ಪೂರ್ಣವಾಗಿ ಒಂದೊಂದನ್ನು ಸಲ್ಲಿಸುವುದು ಪೂರ್ಣ ಎಣಿಕೆಯೆನಿಸಿದರೆ, ಲೇಖಕರ ಸಂಖ್ಯೆಯಿಂದ ಭಾಗಿಸಿ ಅರ್ಧವನ್ನೋ ಕಾಲನ್ನೋ ಸಲ್ಲಿಸುವುದು ಭಿನ್ನಾಂಶ ಎಣಿಕೆಯೆನಿಸುತ್ತದೆ. ಅರ್ಥಶಾಸ್ತ್ರದಲ್ಲಿ ಲೇಖಕರ ಹೆಸರುಗಳನ್ನು ಅಕಾರಾದಿಯಾಗಿ ಹಾಕುವ ಸಂಪ್ರದಾಯ ಪ್ರಬಲವಾಗಿರುವುದರಿಂದ ಮೊದಲ ಹೆಸರಿನವನೇ ಮುಖ್ಯ ಲೇಖಕನೆಂದು ಭಾವಿಸುವ ವಿಜ್ಞಾನ ವಿಭಾಗಗಳ ಕ್ರಮ ಇಲ್ಲಿ ಸಲ್ಲದು. ಆದರೂ ನೇಮಕ ಸಮಿತಿಗಳು ಈ ಭೇದವನ್ನು ಗಮನಿಸದಿರುವುದುಂಟು.

ಎಣಿಕೆಯಿಂದ ದೊರಕುವ ಚಿತ್ರ ಎಲ್ಲೆಡೆಯೂ ಒಂದೇ ಬಗೆಯಲ್ಲಿ ವಿಷಮವಾಗಿರುತ್ತದೆ. ಆಲ್‌ಫ್ರೆಡ್ ಲೋಟ್ಕಾ 1926ರಲ್ಲಿ ನಿರೂಪಿಸಿದ ನಿಯಮದಂತೆ, ಒಂದೇ ಪ್ರಬಂಧ ಬರೆದವರು 100 ಮಂದಿಯಿದ್ದರೆ ಎರಡು ಬರೆದವರು ಸುಮಾರು 25, ಮೂರು ಬರೆದವರು ಸುಮಾರು 11 ಮಂದಿಯಷ್ಟೇ ಇರುವರು. ಹೀಗಾಗಿ ಒಂದು ವಿಭಾಗದ ಸರಾಸರಿ ಉತ್ಪಾದಕತೆ ಹಲವೊಮ್ಮೆ ಒಬ್ಬಿಬ್ಬರು ವಿದ್ವಾಂಸರ ಶ್ರಮದ ಫಲ. ಅವರು ನಿವೃತ್ತರಾದೊಡನೆ ವಿಭಾಗದ ಸ್ಥಾನವೂ ಇಳಿಯುತ್ತದೆ.

ಎರಡನೆಯ ಮಾನ ಉಲ್ಲೇಖ. ಯೂಜಿನ್ ಗಾರ್ಫೀಲ್ಡರ ಉಲ್ಲೇಖಸೂಚಿಗಳು ವಿಜ್ಞಾನಕ್ಕೆ 1964ರಿಂದಲೂ ಸಮಾಜವಿಜ್ಞಾನಕ್ಕೆ 1973ರಿಂದಲೂ ದೊರೆಯತೊಡಗಿದುವು. ಜಾರ್ಜ್ ಹಿರ್ಶ್ 2005ರಲ್ಲಿ ಸೂಚಿಸಿದ ಎಚ್-ಸೂಚ್ಯಂಕವು ಎಣಿಕೆ ಮತ್ತು ಉಲ್ಲೇಖ ಎರಡನ್ನೂ ಒಂದು ಸಂಖ್ಯೆಯಲ್ಲಿ ಸೇರಿಸುತ್ತದೆ: ಒಬ್ಬ ವಿದ್ವಾಂಸನ ಹತ್ತು ಪ್ರಬಂಧಗಳು ತಲಾ ಕನಿಷ್ಠ ಹತ್ತು ಬಾರಿ ಉಲ್ಲೇಖಿತವಾಗಿದ್ದು, ಹನ್ನೊಂದು ಪ್ರಬಂಧಗಳಿಗೆ ತಲಾ ಹನ್ನೊಂದು ಉಲ್ಲೇಖ ದೊರೆತಿಲ್ಲವಾದರೆ ಅವನ ಸೂಚ್ಯಂಕ ಹತ್ತು. ಸ್ಕೋಪಸ್, ವೆಬ್ ಆಫ್ ಸೈನ್ಸ್, ಅರ್ಥಶಾಸ್ತ್ರಕ್ಕೇ ಮೀಸಲಾದ ಎಕಾನ್‌ಲಿಟ್ ಮತ್ತು ರೆಪೆಕ್ ಎಂಬ ಸೂಚಿಗಳು ಈ ಎಣಿಕೆಗೆ ಆಧಾರ.

ಭಾರತದಲ್ಲಿ ಈ ಮಾನಗಳು ಆಡಳಿತದ ಉಪಕರಣಗಳಾದುದು ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2010ರ ನಿಯಮಾವಳಿಯಿಂದ; ಅದರಂತೆ ಅಧ್ಯಾಪಕರ ಬಡ್ತಿಗೆ ಶೈಕ್ಷಣಿಕ ಸಾಧನೆಯ ಅಂಕಗಳು ಅವಶ್ಯವಾದುವು. ಅಂಕಕ್ಕಾಗಿ ಪ್ರಬಂಧ, ಪ್ರಬಂಧಕ್ಕಾಗಿ ಪತ್ರಿಕೆ ಎಂಬಂತಾಗಿ ಹಣ ಪಡೆದು ಪರಿಶೀಲನೆಯಿಲ್ಲದೆ ಮುದ್ರಿಸುವ ಪತ್ರಿಕೆಗಳು ಹೆಚ್ಚಲು, ಅವನ್ನು ತಡೆಯುವುದಕ್ಕಾಗಿ ಆಯೋಗವು ಕೇರ್ ಎಂಬ ಹೆಸರಿನ ಅಂಗೀಕೃತ ಪತ್ರಿಕೆಗಳ ಪಟ್ಟಿಯನ್ನು 2019ರಲ್ಲಿ ಜಾರಿಗೆ ತಂದಿತು. ಪಿಎಚ್.ಡಿ. ಮಹಾಪ್ರಬಂಧವನ್ನು ಸಲ್ಲಿಸುವ ಮುನ್ನ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸಬೇಕೆಂಬ ನಿಬಂಧನೆ 2022ರ ನಿಯಮಾವಳಿಯಲ್ಲಿ ರದ್ದಾಯಿತು. 2016ರಿಂದ ಪ್ರಕಟವಾಗುತ್ತಿರುವ ರಾಷ್ಟ್ರೀಯ ಶ್ರೇಯಾಂಕ ಪದ್ಧತಿಯಲ್ಲಿ ಸಂಶೋಧನೆ ಮತ್ತು ವೃತ್ತಿಪರ ಸಾಧನೆಗೆ ವಿಶ್ವವಿದ್ಯಾನಿಲಯಗಳ ಮಟ್ಟಿಗೆ ನೂರಕ್ಕೆ 30ರಷ್ಟು ಪ್ರಾಮುಖ್ಯವಿದೆ.

ಅಭಿವೃದ್ಧಿಶೀಲ ದೇಶಗಳನ್ನು ಕುರಿತ ಸಂಶೋಧನೆಯ ಕೊರತೆ ಕೇವಲ ಸ್ಥಳೀಯ ವಿದ್ಯಮಾನವಲ್ಲ. ಜಿಷ್ಣು ದಾಸ್ ಮತ್ತು ಸಹಲೇಖಕರು 76 ಸಾವಿರಕ್ಕೂ ಮಿಕ್ಕಿದ ಅರ್ಥಶಾಸ್ತ್ರ ಪ್ರಬಂಧಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಒಂದು ದೇಶವನ್ನು ಕುರಿತು ಬರುವ ಪ್ರಬಂಧಗಳ ಪ್ರಮಾಣ ಆ ದೇಶದ ತಲಾ ವರಮಾನದೊಡನೆ ಏರುತ್ತದೆ. ಅಗ್ರಶ್ರೇಣಿಯ ಐದು ಪತ್ರಿಕೆಗಳಲ್ಲಿಯಾದರೋ ಅಮೆರಿಕವನ್ನು ಕುರಿತ ಪ್ರಬಂಧಗಳಿಗೆ ಸ್ಥಾನ ಸಿಗುವ ಸಂಭವ ಇನ್ನಿತರ ದೇಶಗಳಿಗಿಂತ ಬಹಳ ಹೆಚ್ಚು. ಬಡ ದೇಶದೊಳಗಿನ ಒಂದು ಸಣ್ಣ ಜಿಲ್ಲೆಗೆ ಈ ನ್ಯಾಯ ಇನ್ನೂ ಕಠಿನವಾಗಿ ಅನ್ವಯಿಸುವುದು ಸಹಜ.

ಭೂಹಿಡುವಳಿಯ ಅಧ್ಯಯನ

ಕೊಡಗನ್ನು ಕುರಿತ ಸಂಶೋಧನೆಯಲ್ಲಿ ಅತ್ಯಂತ ಜಟಿಲವಾದ ಭಾಗ ಭೂಹಿಡುವಳಿಯದು. ಜಮ್ಮಾ ಎಂಬುದು ರಾಜರ ಕಾಲದಲ್ಲಿ ಸೇವೆಗೆ ಪ್ರತಿಯಾಗಿ ಒಕ್ಕಗಳಿಗೆ ದತ್ತವಾಗಿ ವಂಶಪಾರಂಪರ್ಯವಾಗಿ ನಡೆದುಬಂದ ಹಿಡುವಳಿ. ಸಾಗು ಎಂಬುದು ಪೂರ್ಣ ಕಂದಾಯದ ಸಾಮಾನ್ಯ ಹಿಡುವಳಿ. ಜಮ್ಮಾ ಗದ್ದೆಯ ಕಂದಾಯ ಸಾಗುವಿನದರಲ್ಲಿ ಅರ್ಧದಷ್ಟು. ಗದ್ದೆಗೆ ಹೊಂದಿಕೊಂಡ ಎತ್ತರದ ಬಾಣೆಯನ್ನು ಸೊಪ್ಪು, ಸೌದೆ, ಮೇವುಗಳಿಗಾಗಿ ಕಂದಾಯವಿಲ್ಲದೆ ಬಳಸುವ ಹಕ್ಕು ಹಿಡುವಳಿದಾರನಿಗಿತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಈ ಬಾಣೆಗಳಲ್ಲಿ ಕಾಫಿ ಬೆಳೆದುದರಿಂದ, ಮೂಲತಃ ಗದ್ದೆಯ ಅಂಗವಾಗಿದ್ದ ಭೂಮಿ ಗದ್ದೆಗಿಂತ ಎಷ್ಟೋ ಪಾಲು ಬೆಲೆಬಾಳತೊಡಗಿತು. ಬಾಣೆಯ ಮಣ್ಣಿನ ಒಡೆತನ ಯಾರದೆಂಬ ಪ್ರಶ್ನೆ 1899ರ ಕೊಡಗು ಭೂಕಂದಾಯ ನಿಬಂಧನೆಯ ಕಾಲದಿಂದ ಇತ್ತೀಚಿನ ಕಾಯಿದೆ ತಿದ್ದುಪಡಿಗಳವರೆಗೂ ನ್ಯಾಯಾಲಯಗಳಲ್ಲಿಯೂ ಶಾಸನಸಭೆಯಲ್ಲಿಯೂ ಚರ್ಚಿತವಾಗಿದೆ.

ಅರ್ಥಶಾಸ್ತ್ರಜ್ಞನಿಗೆ ಇದರಿಂದ ಎರಡು ತೊಡಕುಗಳುಂಟಾಗುತ್ತವೆ. ಮೊದಲನೆಯದು ದಾಖಲೆಯದು. ಜಮ್ಮಾ ಭೂಮಿಯ ಪಹಣಿಯಲ್ಲಿ ಎಷ್ಟೋ ಕಡೆ ಒಕ್ಕದ ಹಿರಿಯನಾದ ಪಟ್ಟೆದಾರನ ಹೆಸರು, ಕೆಲವೊಮ್ಮೆ ಕಾಲವಾಗಿ ಹೋದ ಪೂರ್ವಿಕರ ಹೆಸರು, ಇರುವುದರಿಂದ ಕಾಗದದಲ್ಲಿ ಒಂದೇ ಆಗಿರುವ ಹಿಡುವಳಿಯನ್ನು ನೆಲದ ಮೇಲೆ ಐದಾರು ಕುಟುಂಬಗಳು ಪಾಲು ಮಾಡಿಕೊಂಡು ಬೇರೆಬೇರೆಯಾಗಿ ಸಾಗುವಳಿ ಮಾಡುತ್ತಿರುತ್ತವೆ. ಪಹಣಿಯನ್ನು ಆಧಾರವಾಗಿಟ್ಟು ಸಣ್ಣ, ಮಧ್ಯಮ, ದೊಡ್ಡ ಬೆಳೆಗಾರರೆಂದು ವಿಂಗಡಿಸಿದ ಸಮೀಕ್ಷೆಯಲ್ಲಿ ಸಣ್ಣವರನೇಕರು ದೊಡ್ಡವರಾಗಿ ಕಾಣಿಸಿಕೊಳ್ಳುವ ಸಂಭವ ಇಂಥಲ್ಲಿ ಉಂಟು. ಎರಡನೆಯದು ಮರದ ಹಕ್ಕಿನದು. ಮರದ ಬೆಲೆಯನ್ನು ಸರ್ಕಾರಕ್ಕೆ ತೆತ್ತು ಹಕ್ಕನ್ನು ಬಿಡಿಸಿಕೊಂಡ ಭೂಮಿಯನ್ನು ರಿಡೀಮ್ಡ್ ಎಂದೂ, ಹಾಗೆ ಬಿಡಿಸಿಕೊಳ್ಳದುದನ್ನು ಅನ್‌ರಿಡೀಮ್ಡ್ ಎಂದೂ ಕೊಡಗಿನಲ್ಲಿ ಕರೆಯುವರು. ಅನ್‌ರಿಡೀಮ್ಡ್ ತೋಟದಲ್ಲಿ ನಂದಿ, ಬೀಟೆ, ಹೊನ್ನೆಯಂಥ ಕಾಡುಮರ ತಾನೇ ಬೆಳೆಸಿದುದಾದರೂ ಬೆಳೆಗಾರನಿಗೆ ಅದರ ಮೇಲೆ ಪೂರ್ಣ ಹಕ್ಕಿಲ್ಲ. ಕಡಿದು ಸಾಗಿಸುವ ಅನುಮತಿ ಸುಲಭವಾಗಿ ದೊರಕುವ ಸಿಲ್ವರ್ ಓಕ್ ಮರಕ್ಕೆ ಆ ತೊಂದರೆಯಿಲ್ಲ. ಕೊಡಗಿನ ತೋಟಗಳಲ್ಲಿ ನೆರಳಿನ ನಾಡಮರಗಳು ಕಡಮೆಯಾಗಿ ಸಿಲ್ವರ್ ಓಕ್ ಹಬ್ಬಿದುದಕ್ಕೆ ಈ ಹಕ್ಕಿನ ವ್ಯವಸ್ಥೆ ಒಂದು ಪ್ರಬಲ ಕಾರಣವೆಂಬುದು ಹಲವು ಅಧ್ಯಯನಗಳಲ್ಲಿ ಪ್ರತಿಪಾದಿತವಾಗಿದೆ. ಆಸ್ತಿಹಕ್ಕಿನ ಸ್ವರೂಪ ಭೂಬಳಕೆಯನ್ನು ಬದಲಿಸುತ್ತದೆಂಬ ಸಿದ್ಧಾಂತಕ್ಕೆ ಇಷ್ಟು ಸ್ಫುಟವಾದ ಉದಾಹರಣೆ ಕನ್ನಡನಾಡಿನಲ್ಲಿ ಮತ್ತೊಂದು ದೊರೆಯುವುದು ಕಷ್ಟ.

ಕಾಫಿಯ ಅಧ್ಯಯನ

ಕಾಫಿಯ ಆರ್ಥಿಕತೆಯನ್ನು ಕುರಿತ ಸಂಶೋಧನೆಯಲ್ಲಿ ಎರಡು ಕಾಲಘಟ್ಟಗಳನ್ನು ಗುರುತಿಸಬಹುದು. 1942ರ ಕಾಫಿ ಕಾಯಿದೆಯಿಂದ ಅಸ್ತಿತ್ವಕ್ಕೆ ಬಂದ ಕಾಫಿ ಮಂಡಳಿಯ ಕಾಲದಲ್ಲಿ ಬೆಳೆಗಾರನು ತನ್ನ ಫಸಲೆಲ್ಲವನ್ನೂ ಮಂಡಳಿಯ ಸಮುಚ್ಚಯಕ್ಕೆ, ಬಳಕೆಯ ಮಾತಿನಲ್ಲಿ ಪೂಲಿಗೆ, ಒಪ್ಪಿಸಿ ಬೆಲೆಯನ್ನು ಕಂತುಕಂತಾಗಿ ಪಡೆಯುತ್ತಿದ್ದನು. ಆ ಕಾಲದ ಉತ್ಪನ್ನ, ಬೆಲೆ, ರಫ್ತುಗಳ ಅಂಕಿಗಳೆಲ್ಲವೂ ಒಂದೇ ಕಡೆ ದೊರೆಯುತ್ತಿದ್ದುದರಿಂದ ಸಂಶೋಧಕನ ಕೆಲಸ ಸುಗಮವಾಗಿತ್ತು. 1990ರ ದಶಕದಲ್ಲಿ ಈ ಏಕಸ್ವಾಮ್ಯ ಹಂತಹಂತವಾಗಿ ಸಡಿಲಗೊಂಡು 1996ರ ಹೊತ್ತಿಗೆ ಎಲ್ಲ ಬೆಳೆಗಾರರಿಗೂ ಮುಕ್ತ ಮಾರಾಟದ ಹಕ್ಕು ದೊರೆತಾಗ ಅಂಕಿಅಂಶಗಳ ಆ ಏಕತ್ರ ಭಂಡಾರವೂ ಚದುರಿತು.

ಬೆಲೆಯ ಅಂಕಿಯನ್ನು ಸಂಗ್ರಹಿಸುವುದು ಈಗ ಎಷ್ಟು ಸೂಕ್ಷ್ಮವಾದ ಕೆಲಸವೆಂಬುದನ್ನು ಒಂದು ಸಂಗತಿಯಿಂದ ತಿಳಿಯಬಹುದು. ಗೋಣಿಕೊಪ್ಪ, ಸಿದ್ದಾಪುರ, ಕುಶಾಲನಗರಗಳ ಪೇಟೆಯಲ್ಲಿ ಒಣಗಿಸಿದ ಹಣ್ಣು, ಎಂದರೆ ಚೆರಿ, 50 ಕಿಲೋ ಚೀಲದ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಆದರೆ ಬೆಲೆ ನಿಷ್ಕರ್ಷೆಯಾಗುವುದು ಆ ಚೀಲದಿಂದ ಸಿಪ್ಪೆ ಕಳೆದ ಮೇಲೆ ಎಷ್ಟು ಕಿಲೋ ಬೇಳೆ ಬರುವುದೆಂಬುದರ ಮೇಲೆ. ಇದಕ್ಕೆ ಔಟ್‌ಟರ್ನ್, ಚಿಕ್ಕದಾಗಿ ಓಟಿ, ಎಂದು ಹೆಸರು. ರೊಬಸ್ಟಾ ಚೆರಿಯ ಓಟಿ ಸಾಮಾನ್ಯವಾಗಿ 26ರಿಂದ 28. ಒಂದು ಓಟಿಗೆ 200 ರೂಪಾಯಿ ಎಂದಿಟ್ಟುಕೊಂಡರೆ 26ರ ಚೀಲಕ್ಕೆ 5,200, 28ರ ಚೀಲಕ್ಕೆ 5,600 ರೂಪಾಯಿ ಸಲ್ಲುತ್ತದೆ. ಮಾದರಿಯನ್ನು ಒಡೆದು ತೂಗಿ ಓಟಿ ಹೇಳುವವನು ಬಹುಮಟ್ಟಿಗೆ ವ್ಯಾಪಾರಿಯೇ. ಚೆರಿ ಎಷ್ಟು ಒಣಗಿದೆಯೆಂಬುದನ್ನು ಪರೀಕ್ಷಿಸಿ ಕಡಿತ ಹಾಕುವವನೂ ಅವನೇ. ಹೀಗಿರುವಲ್ಲಿ ಚೀಲದ ಬೆಲೆಯೊಂದನ್ನೇ ಬರೆದುಕೊಂಡು ಬಂದ ಸಮೀಕ್ಷೆ ಬೆಳೆಗಾರನ ಆದಾಯದ ನಿಜವನ್ನು ಹೇಳಲಾರದು.

ಜೆಫ್ ನೀಲ್ಸನ್ ಮತ್ತು ಬಿಲ್ ಪ್ರಿಚರ್ಡ್ ಎಂಬ ಸಿಡ್ನಿಯ ಭೂಗೋಳಶಾಸ್ತ್ರಜ್ಞರು 2009ರಲ್ಲಿ ಪ್ರಕಟಿಸಿದ ಗ್ರಂಥ ದಕ್ಷಿಣ ಭಾರತದ ತೋಟದ ಜಿಲ್ಲೆಗಳಲ್ಲಿ ಕಾಫಿ ಮತ್ತು ಚಹಾ ಬೆಳೆಗಾರನಿಂದ ವಿದೇಶದ ಬಳಕೆದಾರನವರೆಗೆ ಸಾಗುವ ಮೌಲ್ಯಸರಪಳಿಯನ್ನು ವಿವೇಚಿಸುತ್ತದೆ. ತೋಟದ ಕೂಲಿಗಾರರನ್ನು, ವಿಶೇಷವಾಗಿ ಲೈನ್‌ಮನೆಗಳಲ್ಲಿ ವಾಸಿಸುವ ಯರವ, ಜೇನುಕುರುಬ ಮೊದಲಾದ ಸಮುದಾಯಗಳ ಕೂಲಿ, ಮುಂಗಡ, ಸಾಲಗಳನ್ನು ಕುರಿತ ಬರೆಹ ಬೆಳೆಯನ್ನು ಕುರಿತ ಬರೆಹಕ್ಕೆ ಹೋಲಿಸಿದರೆ ತೀರ ಕಡಮೆ. ಇಲ್ಲಿಯ ಸಂಶೋಧನೆಯ ಪ್ರಧಾನ ನ್ಯೂನತೆ ಇದೇ ಎನ್ನಬೇಕು.

ಅರಣ್ಯ ಮತ್ತು ಪರಿಸರದ ಆರ್ಥಿಕತೆ

ಅಂತರರಾಷ್ಟ್ರೀಯ ಪತ್ರಿಕೆಗಳಲ್ಲಿ ಕೊಡಗಿನ ಹೆಸರು ಹೆಚ್ಚಾಗಿ ಕಾಣುವುದು ಈ ವಿಭಾಗದಲ್ಲಿ. ಐಸೆಕ್‌ನ ಕೆ. ಎನ್. ನೈನನ್ ಮತ್ತು ಜ್ಯೋತಿಸ್ ಸತ್ಯಪಾಲನ್ ವಿರಾಜಪೇಟೆ ತಾಲ್ಲೂಕಿನ ಮಾಲ್ದಾರೆಯ ಕಾಫಿ ಬೆಳೆಗಾರರನ್ನು ಕುರಿತು ನಡೆಸಿದ ಅಧ್ಯಯನ 'ಇಕಲಾಜಿಕಲ್ ಎಕನಾಮಿಕ್ಸ್' ಪತ್ರಿಕೆಯಲ್ಲಿ 2005ರಲ್ಲಿ ಪ್ರಕಟವಾಯಿತು. ಕಾಡನ್ನು ಕಾಡಾಗಿ ಉಳಿಸಬೇಕಾದರೆ ಬಿಟ್ಟುಕೊಡಬೇಕಾಗುವ ಕಾಫಿಯ ಲಾಭವೆಷ್ಟು ಎಂಬುದು ಅದರ ಮುಖ್ಯ ಪ್ರಶ್ನೆ. ಆನೆ ಮೊದಲಾದ ವನ್ಯಮೃಗಗಳಿಂದಾಗುವ ಹಾನಿಯನ್ನೂ ಅವುಗಳಿಂದ ಬೆಳೆಯನ್ನು ಕಾಯುವ ವೆಚ್ಚವನ್ನೂ ಕಳೆದ ಮೇಲೂ ಎಲ್ಲ ವರ್ಗದ ಬೆಳೆಗಾರರಿಗೂ ಕಾಫಿ ಲಾಭದಾಯಕವೆಂದೂ, ಆದಕಾರಣ ಜೀವವೈವಿಧ್ಯ ಸಂರಕ್ಷಣೆಯ ಅವಕಾಶವೆಚ್ಚ ಹೆಚ್ಚೆಂದೂ ಅದು ತೋರಿಸಿತು. ನೈನನ್ ಈ ವಿಷಯವನ್ನು ನಾಗರಹೊಳೆಯ ಅಧ್ಯಯನದೊಡನೆ ವಿಸ್ತರಿಸಿ 2007ರಲ್ಲಿ ಗ್ರಂಥರೂಪಕ್ಕೆ ತಂದರು. ಸಮೀಕ್ಷೆ ನಡೆದುದು ಮಾಲ್ದಾರೆಯಲ್ಲಿ, ಬರೆದುದು ಬೆಂಗಳೂರಿನಲ್ಲಿ, ಪ್ರಕಟಣೆ ಯೂರೋಪಿನಲ್ಲಿ. ಲೆಕ್ಕದಲ್ಲಿ ಕೊಡಗಿನ ಯಾವ ಸಂಸ್ಥೆಗೂ ಇದರ ಒಂದಂಶವೂ ಸಲ್ಲದು.

ಇದಕ್ಕೆ ತುಸು ಭಿನ್ನವಾದುದು ಯೂರೋಪಿಯನ್ ಒಕ್ಕೂಟದ ನೆರವಿನಿಂದ 2007ರಲ್ಲಿ ತೊಡಗಿದ ಕ್ಯಾಫ್‌ನೆಟ್ ಯೋಜನೆ. ಮಧ್ಯ ಅಮೆರಿಕ, ಪೂರ್ವ ಆಫ್ರಿಕ ಮತ್ತು ಕೊಡಗುಗಳ ಕಾಫಿತೋಟಗಳನ್ನು ತೌಲನಿಕವಾಗಿ ಅಧ್ಯಯನ ಮಾಡಿದ ಈ ಯೋಜನೆಯಲ್ಲಿ ಫ್ರಾನ್ಸಿನ ಸಿರಾಡ್ ಸಂಸ್ಥೆ ಮತ್ತು ಪುದುಚೇರಿಯ ಫ್ರೆಂಚ್ ಸಂಸ್ಥೆಗಳೊಡನೆ ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯವೂ ಪಾಲುಗೊಂಡಿತು. ಕ್ಲೋಡ್ ಗಾರ್ಸಿಯಾ ಮತ್ತು ಸಹಲೇಖಕರು 2010ರಲ್ಲಿ 'ಕನ್ಸರ್ವೇಷನ್ ಬಯಾಲಜಿ' ಪತ್ರಿಕೆಯಲ್ಲಿ ಪ್ರಕಟಿಸಿದ ಕೊಡಗಿನ ಕಾಫಿವನಗಳ ಪ್ರಬಂಧ ಇದೇ ಸಹಯೋಗದ ಪರಿಸರದಿಂದ ಬಂದುದು. ಅದರ ಲೇಖಕವರ್ಗದಲ್ಲಿ ಪೊನ್ನಂಪೇಟೆಯ ಸಿ. ಜಿ. ಕುಶಾಲಪ್ಪನವರ ಹೆಸರೂ ಇದೆ. ದೇವರಕಾಡುಗಳನ್ನು ಕುರಿತ ಅಧ್ಯಯನಗಳೂ ಈ ಮಹಾವಿದ್ಯಾಲಯದಿಂದ ಹೊರಬಂದಿವೆ.

ಭಾಷೆ

ಉಲ್ಲೇಖಸೂಚಿಗಳು ಬಹುಮಟ್ಟಿಗೆ ಇಂಗ್ಲಿಷ್ ಪತ್ರಿಕೆಗಳನ್ನೇ ಒಳಗೊಂಡಿರುವುದರಿಂದ ಕನ್ನಡದಲ್ಲಿ ಬರೆದ ಅರ್ಥಶಾಸ್ತ್ರ ಗ್ರಂಥಗಳು ಉತ್ಪಾದಕತೆಯ ಲೆಕ್ಕಕ್ಕೆ ಸಾಮಾನ್ಯವಾಗಿ ಬರುವುದಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಪ್ರಸಾರಾಂಗವೂ 1969ರಿಂದ ಸಂಪುಟಗಳಾಗಿ ಹೊರಬಂದ ಅದರ ಕನ್ನಡ ವಿಶ್ವಕೋಶವೂ ಅರ್ಥಶಾಸ್ತ್ರದ ಪಾರಿಭಾಷಿಕ ಶಬ್ದಗಳನ್ನು ಕನ್ನಡದಲ್ಲಿ ಸ್ಥಿರಪಡಿಸಲು ಮಾಡಿದ ಶ್ರಮಕ್ಕೆ ಯಾವ ಸೂಚ್ಯಂಕದಲ್ಲಿಯೂ ಅಂಕವಿಲ್ಲ. ಕೊಡಗಿನಲ್ಲಿ ಈ ಸಮಸ್ಯೆಗೆ ಇನ್ನೊಂದು ಪದರವುಂಟು: ಬೆಳೆಗಾರನ ಮನೆಮಾತು ಕೊಡವ ತಕ್ಕ್ ಅಥವಾ ಅರೆಭಾಷೆ, ಕೂಲಿಗಾರನದು ಯರವ ಭಾಷೆ, ಮಲಯಾಳ ಇಲ್ಲವೆ ತಮಿಳು, ಪ್ರಶ್ನಾವಳಿ ಕನ್ನಡದಲ್ಲಿ, ವರದಿ ಇಂಗ್ಲಿಷಿನಲ್ಲಿ. ಪ್ರತಿ ಹಂತದಲ್ಲಿಯೂ ಒಂದಿಷ್ಟು ಅರ್ಥ ಜಾರುವುದು ಅನಿವಾರ್ಯ.

ಉಪಯೋಗ

ಈ ಸಂಶೋಧನೆಯ ಫಲವನ್ನು ಸರ್ಕಾರ, ಕಾಫಿ ಮಂಡಳಿ, ಬೆಳೆಗಾರರ ಸಂಘಗಳು ಮತ್ತು ನ್ಯಾಯಾಲಯಗಳು ಬಳಸುತ್ತವೆ. ಬಿ. ಎನ್. ಸತ್ಯನ್ ಸಂಪಾದಿಸಿ 1965ರಲ್ಲಿ ಪ್ರಕಟವಾದ ಕೊಡಗು ಜಿಲ್ಲಾ ಗ್ಯಾಸೆಟಿಯರು ಆಡಳಿತಕ್ಕೆ ದೀರ್ಘಕಾಲ ಕೈಪಿಡಿಯಾಗಿತ್ತು. ರಾಜ್ಯದ ಮಾನವ ಅಭಿವೃದ್ಧಿ ವರದಿಗಳು ಜಿಲ್ಲೆಗಳನ್ನು ಹೋಲಿಸಿ ನೋಡುವ ಸಾಧನವನ್ನು ಒದಗಿಸಿದುವು: 1991ರ ಅಂಕಿಗಳಂತೆ ಕೊಡಗು 0.623 ಸೂಚ್ಯಂಕದೊಡನೆ ರಾಜ್ಯದಲ್ಲಿ ಮೂರನೆಯ ಸ್ಥಾನದಲ್ಲಿದ್ದಿತು. 2001ರ ಅಂಕಿಗಳಂತೆ ಅದರ ಸೂಚ್ಯಂಕ 0.697ಕ್ಕೆ ಏರಿದರೂ ಸ್ಥಾನ ನಾಲ್ಕಕ್ಕೆ ಇಳಿಯಿತು. ತಲಾ ವರಮಾನದಲ್ಲಿ ತೋಟಗಳ ಫಸಲು ಪ್ರಧಾನವಾಗಿರುವ ಜಿಲ್ಲೆಯಲ್ಲಿ ಇಂಥ ಸರಾಸರಿ ಲೈನ್‌ಮನೆಯ ಸ್ಥಿತಿಯನ್ನು ಮರೆಮಾಡುವುದೆಂಬುದನ್ನು ಈ ಅಂಕಿಗಳನ್ನು ಬಳಸುವವರು ನೆನಪಿನಲ್ಲಿಡಬೇಕಾಗುತ್ತದೆ.

ಇಂದಿನ ಸ್ಥಿತಿ

ಮಹಾಪ್ರಬಂಧಗಳನ್ನು ಅಂತರ್ಜಾಲದಲ್ಲಿ ಇರಿಸುವ ಶೋಧಗಂಗಾ ಭಂಡಾರವು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದಿಂದ ನಡೆಯುತ್ತಿದ್ದು, ಹಿಂದೆ ಮೈಸೂರಿನ ಮಾನಸಗಂಗೋತ್ರಿಯ ಅಥವಾ ಮಂಗಳಗಂಗೋತ್ರಿಯ ಗ್ರಂಥಾಲಯಕ್ಕೆ ಹೋಗಿ ಓದಬೇಕಾಗಿದ್ದ ಕೊಡಗಿನ ಕೃಷಿ, ಸಹಕಾರ, ಪ್ರವಾಸೋದ್ಯಮಗಳನ್ನು ಕುರಿತ ಪ್ರಬಂಧಗಳು ಈಗ ಮಡಿಕೇರಿಯಲ್ಲಿ ಕುಳಿತವನಿಗೂ ದೊರೆಯುವಂತಾಗಿದೆ. 2018ರ ಆಗಸ್ಟ್ ತಿಂಗಳ ಅತಿವೃಷ್ಟಿ ಮತ್ತು ಭೂಕುಸಿತಗಳ ಅನಂತರ ಅಧ್ಯಯನದ ಒಲವು ಬೆಲೆಯ ಏರಿಳಿತದಿಂದ ಹವಾಮಾನದ ಅಪಾಯ, ಬೆಳೆವಿಮೆ, ಭೂಬಳಕೆಗಳ ಕಡೆಗೆ ಕೊಂಚ ವಾಲಿದೆ.

ಅಂಗೀಕೃತ ಪತ್ರಿಕೆಗಳ ಕೇರ್ ಪಟ್ಟಿಯನ್ನು ಅನುದಾನ ಆಯೋಗ 2025ರ ಫೆಬ್ರವರಿಯಲ್ಲಿ ಕೈಬಿಟ್ಟು, ಪತ್ರಿಕೆಯ ಯೋಗ್ಯತೆಯನ್ನು ನಿರ್ಣಯಿಸುವ ಹೊಣೆಯನ್ನು ಆಯಾ ವಿಶ್ವವಿದ್ಯಾನಿಲಯಗಳಿಗೇ ಬಿಟ್ಟುಕೊಟ್ಟಿತು. ಅದೇ ತಿಂಗಳಿನಲ್ಲಿ ರಾಜ್ಯ ಸಚಿವ ಸಂಪುಟದ ಉಪಸಮಿತಿ ಹಣಕಾಸಿನ ಮತ್ತು ಸಿಬ್ಬಂದಿಯ ಕೊರತೆಯ ಕಾರಣದಿಂದ ಹೊಸದಾಗಿ ಆರಂಭವಾಗಿದ್ದ ಒಂಬತ್ತು ವಿಶ್ವವಿದ್ಯಾನಿಲಯಗಳನ್ನು ಮುಚ್ಚಿ ಮಾತೃಸಂಸ್ಥೆಗಳಲ್ಲಿ ವಿಲೀನಗೊಳಿಸುವ ಸಲಹೆಯನ್ನು ಮುಂದಿಟ್ಟಾಗ ಚಿಕ್ಕಅಳುವಾರದ ಕೊಡಗು ವಿಶ್ವವಿದ್ಯಾನಿಲಯವೂ ಆ ಪಟ್ಟಿಯಲ್ಲಿದ್ದಿತು. ಇದಕ್ಕೆ ಜಿಲ್ಲೆಯಲ್ಲಿ ವಿರೋಧ ವ್ಯಕ್ತವಾಯಿತು. ವಿಲೀನವಾದ ಪಕ್ಷದಲ್ಲಿ ಇಲ್ಲಿಯ ಅಧ್ಯಾಪಕರ ಪ್ರಬಂಧಗಳು ಮತ್ತೆ ಮಂಗಳೂರಿನ ಲೆಕ್ಕಕ್ಕೇ ಸೇರುವುವು.